ಪಂಪ್ ಇಳಿಸಿದ ಜಾಗ

ಸ್ವಿಚ್ ಒತ್ತಿದ್ದೇ ತಡ, ಪಡಸಾಲೆಗೆ ಪಡಸಾಲೆಯೇ ಗುಡುಗಿತು. ಮೇಜಿನ ಮೇಲಿದ್ದ ಚಹಾದ ಕಪ್ಪು ಬಸಿಯಲ್ಲಿ ಕುಣಿಯಿತು. ಒಳಕೋಣೆಯಲ್ಲಿ ಬಾಣಂತಿ ಮಗಳು ದಾನೇಶ್ವರಿಯ ಕೂಸು ಕಿಟಾರನೆ ಚೀರಿತು. ಶಿವಕಾಂತಮ್ಮ ಓಡಿಬಂದು ಪ್ಲಗ್ಗನ್ನೇ ಕಿತ್ತಳು.

“ಇದೇನು ಪಂಪೋ, ಹಿಟ್ಟಿನ ಗಿರಣಿಯೋ? ಆ ಕೂಸಿನ ಎದಿ ಒಡೀಬೇಕೇನು, ಮುಜಾಹಿದ?”

“ಹೊಸಾದು ಅಕ್ಕಾರ. ಪೆಟ್ಟಿಗಿ ನಿಮ್ಮ ಮುಂದೇ ಒಡದೀನಲ್ಲ,” ಎಂದ ವಾಡಿಯಿಂದ ಬಂದಿದ್ದ ಮೆಕ್ಯಾನಿಕ್ ಮುಜಾಹಿದ್. ಅವನ ಕಿವಿಯೂ ಗುಂಯ್ ಎನ್ನುತ್ತಿತ್ತು.

ಭಂಕೂರಿನ ಆ ಮನೆಯ ಪಡಸಾಲೆಯಲ್ಲಿ ಶಿವಕಾಂತಮ್ಮ ಲೇಸರ್ ಕಟಿಂಗ್ ಮೆಷಿನ್ ಇಟ್ಟಿದ್ದಳು. ಪ್ಲೈವುಡ್ಡಿನಲ್ಲಿ ಹೆಸರಿನ ಫಲಕ, ಮದುವೆ ಮನೆಯ ಅಕ್ಷರ, ದೇವರ ಮಂಟಪದ ಜಾಲರಿ ಕೊರೆದುಕೊಡುವ ಕೆಲಸ. ಕಿರಣ ತಾಗಿದ ಕಡೆ ಗಾಳಿ ಊದುತ್ತಲೇ ಇರಬೇಕು, ಇಲ್ಲದಿದ್ದರೆ ಕಟ್ಟಿಗೆ ಹೊತ್ತಿಕೊಳ್ಳುತ್ತದೆ. ಗಾಳಿ ಊದುವ ಹಳೆಯ ಪಂಪು ಗೋಡೆಯ ಮೊಳೆಗೆ ತೂಗುಬಿದ್ದು ಸುಮ್ಮನೆ ಕೆಲಸ ಮಾಡಿ, ಮೊನ್ನೆ ಸುಮ್ಮನೆ ಸತ್ತಿತ್ತು. ಹೊಸದು ಭಾರ. ಮೊಳೆ ತಡೆಯುವುದಿಲ್ಲವೆಂದು ನೆಲಕ್ಕಿಳಿಸಿದ್ದರು. ಈ ಸದ್ದು ನಿಲ್ಲದಿದ್ದರೆ ಮೆಷಿನ್ ಮುಚ್ಚಬೇಕು, ಇಲ್ಲವೆ ಬಾಣಂತಿಯನ್ನು ಚಿಮ್ಮನಚೋಡಕ್ಕೆ ಗಂಡನ ಮನೆಗೆ ಕಳಿಸಬೇಕು. ಎರಡಕ್ಕೂ ಶಿವಕಾಂತಮ್ಮನ ಮನಸ್ಸು ಒಪ್ಪಲಿಲ್ಲ.

ಮುಜಾಹಿದ್ ಸ್ಕ್ರೂ ಬಿಗಿದ. ಗಾಳಿಯ ನಳಿಕೆ ಬಿಚ್ಚಿಟ್ಟು ಪಂಪು ಚಾಲೂ ಮಾಡಿದ, ಅದೇ ಗುಡುಗು. ಗಾಳಿ ಸೋಸುವ ಜಾಲರಿ ಬಿಚ್ಚಿ ಊದಿದ, ರಬ್ಬರಿನ ಕಾಲುಗಳನ್ನು ತಿರುವಿ ನೋಡಿದ. ಏನೂ ತಪ್ಪಿರಲಿಲ್ಲ. ಕಡೆಗೆ ಬೇಸತ್ತು, ನಡೆಯುತ್ತಿದ್ದ ಪಂಪನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡ. ಸದ್ದು ಅಡಗಿತು. ಬೆಕ್ಕು ಗುರುಗುಟ್ಟಿದಷ್ಟೇ ಉಳಿಯಿತು. ನೆಲಕ್ಕಿಟ್ಟ, ಮತ್ತೆ ಗುಡುಗಿತು.

“ಎತ್ತಿದ್ರ ಸುಮ್ಮ, ಇಳಸಿದ್ರ ಚೀರ್ತದ. ಇದನ್ನೂ ತೊಟ್ಲಾಗ ಹಾಕಬೇಕೇನು?” ಎಂದಳು ಶಿವಕಾಂತಮ್ಮ.

ಕಟ್ಟೆಯ ಮೇಲೆ ಕೂತಿದ್ದ ಆಕೆಯ ಗಂಡ ಚಂದ್ರಾಮಪ್ಪ ನಕ್ಕ. ಈ ಮನೆಯೂ ಸೇರಿ ಓಣಿಯ ಅರ್ಧ ಮನೆಗಳ ನೆಲಕ್ಕೆ ಪರ್ಸಿ ಕಲ್ಲಿನ ಚಪ್ಪಡಿ ಹಾಸಿದ್ದವನು ಅವನೇ. “ಈ ಮನ್ಯಾಗ ಇಟ್ರ ಯಾವುದು ಬಾಯಿ ಮಾಡಲ್ಲ ಹೇಳು?”

“ಮಾಮಾ, ಪಂಪಿಂದಲ್ಲ. ನಿಮ್ಮ ಕಲ್ಲೇ ಮಾತಾಡ್ಲಕತ್ತದ,” ಎಂದ ಮುಜಾಹಿದ್.

“ನಾ ಹಾಸಿದ ಕಲ್ಲು? ಹುಚ್ಚನಂಗ ಮಾತಾಡಬ್ಯಾಡ.”

ಮುಜಾಹಿದ್ ವಯರು ಎಳೆದುಕೊಂಡು ಪಂಪನ್ನು ಬೀದಿ ಬಾಗಿಲ ಬಳಿ ಇಟ್ಟ. ಸದ್ದಿಲ್ಲ. ಒಂದು ಕಲ್ಲಿನಷ್ಟು ಒಳಗೆ ಸರಿಸಿದ. ಸಣ್ಣಗೆ ನಡುಗಿತು. ಕಲ್ಲಿನಿಂದ ಕಲ್ಲಿಗೆ ಸರಿಸುತ್ತ ಹೋದ ಹಾಗೆ ಸದ್ದು ಉಬ್ಬುತ್ತ ಹೋಯಿತು. ಮೊದಮೊದಲು ಆಟದಂತಿತ್ತು, ಶಿವಕಾಂತಮ್ಮನೂ ನಗುತ್ತ ವಯರು ಬಿಡುತ್ತಿದ್ದಳು. ಬಾಣಂತಿ ಕೋಣೆಯ ಹೊಸ್ತಿಲ ಮುಂದಿನ ಕಲ್ಲಿಗಿಟ್ಟಾಗ ಡೊಳ್ಳಿನ ಒಳಗೇ ನಿಂತಂತಾಯಿತು. ಮುಜಾಹಿದ್ ತಾನಾಗಿಯೇ ಸ್ವಿಚ್ ಆರಿಸಿ ಪಂಪನ್ನು ಬೀದಿ ಬಾಗಿಲ ಬಳಿ ಎತ್ತಿಟ್ಟ. ಯಾರೂ ನಗಲಿಲ್ಲ.

“ಮಾಮಾ, ಈ ಕಲ್ಲಿನ ಬುಡಕ ಏನದ?”

“ಏನಿರ್ತದ, ಮೊರಂ ಮಣ್ಣು. ನಾನೇ ತುಂಬೀನಿ, ನಾನೇ ಬಡದು ಗಟ್ಟಿ ಮಾಡೀನಿ.” ಚಂದ್ರಾಮಪ್ಪ ಸಿಟ್ಟಿನಿಂದಲೇ ಹಾರೆ ತಂದು ಕಲ್ಲಿನ ಸಂದಿಗೆ ಹಾಕಿ ಮೀಟಿದ. ಕಲ್ಲು ಒಂದು ಗೇಣು ಎದ್ದಿತು. ಒಳಗಿನಿಂದ ತಣ್ಣಗಿನ ಗಾಳಿ ಮುಖಕ್ಕೆ ಬಂತು.

ಮುಜಾಹಿದ್ ಹಾರೆ ಹಿಡಿದುಕೊಂಡ. ಚಂದ್ರಾಮಪ್ಪ ಕೆಳಗೆ ಕೈ ಹಾಕಿದ. ಮೊಣಕೈ ಹೋಯಿತು. ಭುಜದವರೆಗೂ ಹೋಯಿತು. ಕೈ ಹೊರಗೆ ತೆಗೆದು ನೋಡಿಕೊಂಡ. ಬೆರಳಿಗೆ ಒಂದು ಕಣ ಮಣ್ಣೂ ಹತ್ತಿರಲಿಲ್ಲ. ಅಂಚಿನಿಂದ ಸಿಮೆಂಟಿನ ಚೂರೊಂದು ಜಾರಿ ಕತ್ತಲಿಗೆ ಬಿತ್ತು. ಮೂವರೂ ಕಿವಿಗೊಟ್ಟರು. ಆಮೇಲೆ, ಎಲ್ಲೋ ಕೆಳಗೆ, ಬುಳುಕ್ ಎಂದಿತು.

“ಹಿಂದಿನ ಖಣಿ ನೀರು,” ಎಂದ ಚಂದ್ರಾಮಪ್ಪ. ಮನೆಯ ಹಿಂದೆ ಕಲ್ಲು ತೆಗೆದು ಬಿಟ್ಟ ಖಣಿ ತುಂಬಿ ನಿಂತು, ನೀರು ಒಳಗೊಳಗೇ ಮಣ್ಣು ತಿನ್ನುತ್ತ ಇಲ್ಲಿಯವರೆಗೆ ಬಂದಿತ್ತು.

“ಅವ್ವಾ, ಸಪ್ಪಳ ನಿಂತದಲ್ಲ, ರಿಪೇರಿ ಆತೇನು?” ಒಳಗಿನಿಂದ ದಾನೇಶ್ವರಿ ಕೇಳಿದಳು. ಹೊರಸು ಕಿರುಗುಟ್ಟಿತು. ಅವಳು ಏಳುತ್ತಿದ್ದಳು.

“ಏಳಬ್ಯಾಡ!” ಶಿವಕಾಂತಮ್ಮನ ಕೂಗಿಗೆ ಮಗಳು ಹಾಗೇ ಕೂತುಬಿಟ್ಟಳು. ಹೊರಸು, ಕಬ್ಬಿಣದ ಟ್ರಂಕು, ಕೆಂಡದ ಶೇಗಡಿ, ಜೋಳದ ಚೀಲ, ಎಲ್ಲವೂ ಆ ಕಲ್ಲುಗಳ ಮೇಲೆಯೇ ಇದ್ದವು.

“ಯಾಕವ್ವಾ? ಹಾವು ಬಂದದೇನು?”

“ಹ್ಞೂಂ ಅನ್ಕೋ. ಮೆಲ್ಲಕ ಇಳಿ. ನಡುವ ಕಾಲಿಡಬ್ಯಾಡ. ಗ್ವಾಡಿಗಿ ಬೆನ್ನು ಹಚ್ಚಿ ಬಾ, ನನ್ನವ್ವ.”

ಗೋಡೆಯ ಬುನಾದಿಯ ಮೇಲಿನ ಹೊಸ್ತಿಲು ಗಟ್ಟಿ ಇದ್ದೀತೆಂದು ಶಿವಕಾಂತಮ್ಮ ಅದರ ಮೇಲೆ ಬೋರಲು ಬಿದ್ದು ಕೈ ಚಾಚಿದಳು. ಮುಜಾಹಿದ್ ಎತ್ತಿದ ಕಲ್ಲನ್ನು ಮೆಲ್ಲಗೆ ಇಳಿಸಿ ಆಕೆಯ ಕಾಲು ಹಿಡಿದ. ದಾನೇಶ್ವರಿ ಕೂಸನ್ನು ಅವಚಿಕೊಂಡು ಗೋಡೆ ಸವರುತ್ತ ಬಂದಳು. ಅವಳ ಕಾಲಡಿ ಒಂದು ಕಲ್ಲು ಚಟ್ ಎಂದಿತು. ಅವಳಿಗೆ ಆಗ ತಿಳಿಯಿತು. ಬಾಗಿ ಮೊದಲು ಕೂಸನ್ನು ಅವ್ವನ ಕೈಗಿಟ್ಟಳು, ಆಮೇಲೆ ತಾನು ಹೊಸ್ತಿಲ ಮೇಲೆ ಹಾರಿಬಿದ್ದಳು.

ಗೋಡೆಯಂಚಿಗೇ ನಡೆದು ಉಳಿದವರು ಓಣಿಗೆ ಬಂದರು. ಚಂದ್ರಾಮಪ್ಪ ಮಾತ್ರ ಬಾಗಿಲೊಳಗೇ ನಿಂತಿದ್ದ. ಮುಜಾಹಿದ್ ಕೈ ಹಿಡಿದು ಹೊರಗೆ ತಂದ. ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಿಂದ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಶಿವಕಾಂತಮ್ಮ ಕೂಸನ್ನು ಮಗಳ ಕೈಗೆ ಕೊಟ್ಟು ಆ ಬಾಗಿಲಿಗೆ ಹೋಗಿ ನಿಂತಳು. ಅಮೃತಮ್ಮ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಹಿಂದೆ ಹೊದ್ದು ಮಲಗಿದ ಮೊಮ್ಮಕ್ಕಳು.

“ಬಾರವ್ವಾ, ಬಾಗಿಲಾಗ ಯಾಕ ನಿಂತಿ? ಒಳಗ ಬಾ.”

ಶಿವಕಾಂತಮ್ಮ ಹೊಸ್ತಿಲು ದಾಟಲಿಲ್ಲ. ಹಿಂದಿರುಗಿ ನೋಡಿ, “ಮುಜಾಹಿದ, ಆ ಪಂಪ್ ತಗೊಂಡ ಬಾ. ಇಲ್ಲಿ ಕಲ್ಲೂ ಮಾತಾಡ್ತಾವೇನು ನೋಡೂಣು,” ಎಂದಳು.

ಅಮೃತಮ್ಮನ ಹಿಟ್ಟು ಮೆತ್ತಿದ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು.