ಬಿಳಿ ನಾಲ್ಕಕ್ಕೆ ಇಳಿದ ಗಿಟಾರು

ಬಿಗಿದ ತಂತಿಯೊಂದು ಕಣ್ಣಿಗೆ ಬಿದ್ದರೆ ಚನ್ನೇಶ್ ಅದನ್ನು ಮೀಟದೆ ಮುಂದೆ ಹೋಗುವವನಲ್ಲ. ಅಂಗಳದ ಬಟ್ಟೆ ಹಗ್ಗವೋ, ಹೊಲದ ಬೇಲಿಯೋ, ಯಾರದೋ ಸೈಕಲ್ಲಿನ ಬ್ರೇಕ್ ತಂತಿಯೋ, ಯಾವುದಾದರೂ ಸರಿ. ಬಲಗೈ ಹೆಬ್ಬೆರಳು ತಾನಾಗಿ ಚಾಚುತ್ತದೆ, ಕತ್ತು ಎಡಕ್ಕೆ ವಾಲುತ್ತದೆ, ಕಣ್ಣು ಅರೆಮುಚ್ಚುತ್ತದೆ, ಆ ಕ್ಷೀಣನಾದ ಗಾಳಿಯಲ್ಲಿ ಕರಗುವವರೆಗೂ ಎದುರಿಗಿದ್ದವರ ಮಾತು ಅವನ ಕಿವಿಗೆ ತಲುಪುವುದಿಲ್ಲ. ಒಮ್ಮೆ ಸೊರಬದ ಬಸ್ಸಿನಲ್ಲಿ ಕಂಡಕ್ಟರನ ಗಂಟೆಯ ಹಗ್ಗವನ್ನೇ ಮೀಟಿಬಿಟ್ಟ. ಕಾಡಿನ ನಡುವೆ ಬಸ್ಸು ನಿಂತಿತು. ಇಳಿಯುವವರಾರೆಂದು ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರೆ, ಪಕ್ಕದಲ್ಲಿ ಕೂತಿದ್ದ ನನ್ನತ್ತ ಬಾಗಿ, "ಸಡ್ಲ ಐತ್ರೀ" ಎಂದ, ಬಹಳ ವಿಷಾದದಿಂದ.

ಶಿರಾಳಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬೇಸಿಗೆಯಲ್ಲೂ ಕಳಚದ ಖಾಕಿ ಕೋಟು, ಅದರ ತೋಳಿನಿಂದ ಸದಾ ಹೊಮ್ಮುವ ವಾರ್ನಿಷ್ ವಾಸನೆ, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ತಂತಿಯ ತುಣುಕು. ಅಂಗಡಿಯ ಗೋಡೆಗೆ, ಮೋಟಾರುಗಳ ಕರಿ ಹೊಟ್ಟೆಗಳ ಮೇಲೆ, ಮುಚ್ಚಿಹೋದ ಆರ್ಕೆಸ್ಟ್ರಾ ತಂಡವೊಂದರಿಂದ ಬಂದ ಕಪ್ಪು ಎಲೆಕ್ಟ್ರಿಕ್ ಗಿಟಾರು ತೂಗುತ್ತಿರುತ್ತದೆ. ತಾನು ಸುತ್ತಿದ ಮೋಟಾರು ಮರುವಾರವೇ ಸುಟ್ಟು ಬಂದರೂ ಅವನ ಲೆಕ್ಕದಲ್ಲಿ ತಪ್ಪು ಕರೆಂಟಿನದು, ಬೋರ್‌ವೆಲ್ಲಿನದು, ಹೆಚ್ಚೆಂದರೆ ಮೋಟಾರಿನ ಜಾತಕದ್ದು. ತನ್ನದು ಎಂಬ ಪದ ಆ ನಾಲಿಗೆಯಿಂದ ಹೊರಟದ್ದನ್ನು ಕೇಳಿದವರಿಲ್ಲ.

ಈ ಅಹಂಕಾರಿ ಮನುಷ್ಯ ಸೋಮವಾರದ ಸಂಜೆ ಮಾತ್ರ ಬಂದಳಿಕೆಗೆ ಹೋಗುವ ದಾರಿಯ ಮಠವೊಂದರ ಪಡಸಾಲೆಯಲ್ಲಿ, ಭಜನಾ ಸಂಘದ ಕೊನೆಯ ಸಾಲಿನಲ್ಲಿ, ಗಿಟಾರನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕೂರುತ್ತಾನೆ. ವಚನಗಾಯನಕ್ಕೆ ಗಿಟಾರೇ ಎಂದು ನಕ್ಕವರು ಒಮ್ಮೆ ಕೇಳಬೇಕು. ಮೆಟ್ಟುಗಳನ್ನು ಒತ್ತಿ ರಾಗ ನುಡಿಸುವುದು ಕಡಿಮೆ. ಬರಿದೇ ಬಿಟ್ಟ ತಂತಿಗಳನ್ನು ತಂಬೂರಿಯಂತೆ ಮೀಟಿ ಮೀಟಿ, ಹಾಡುವವರ ಕೆಳಗೆ ನಾದದ ಚಾಪೆಯೊಂದನ್ನು ಹಾಸುತ್ತಾನೆ. ಆ ಗುಂಯ್‌ಕಾರದಲ್ಲಿ ದೀಪದ ಕುಡಿ, ಗೋಡೆಯ ನೆರಳು, ಹೊರಗೆ ಕಟ್ಟಿದ ಎಮ್ಮೆಯ ಉಸಿರು ಎಲ್ಲ ಒಂದೇ ನಿದ್ದೆಯೊಳಕ್ಕೆ ಜಾರಿದಂತೆ ಭಾಸವಾಗುತ್ತದೆ.

ಆ ಚಾಪೆಯ ಮೇಲೆ ಬಹುಕಾಲದಿಂದ ನಡೆದಾಡಿದ್ದು ಸಂಘದ ಗಾಯಕಿ ಅಕ್ಕನಾಗಮ್ಮನವರ ಕಂಠ. ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ, ಸಂಘದವರ ಬಾಯಲ್ಲಿ 'ಕಪ್ಪು ನಾಲ್ಕು', ಅವರ ಶ್ರುತಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಇಳಿಯಿತು. ಮೂರು ಮನೆ ಕೆಳಗಿನ ನಾಲ್ಕನೆಯ ಬಿಳಿ ಮನೆ, 'ಬಿಳಿ ನಾಲ್ಕ'ಕ್ಕಿಂತ ಮೇಲೇರದಾಯಿತು. ಸೊರಬದಲ್ಲಿ ಹಾಡಲು ಸಂಘಕ್ಕೆ ಕರೆ ಬಂದದ್ದು ಅದೇ ದಿನಗಳಲ್ಲಿ. ಸಂಘದ ಅಧ್ಯಕ್ಷರೂ ಹಾರ್ಮೋನಿಯಂ ವಾದಕರೂ ಆದ ಜೋಳದ ವ್ಯಾಪಾರಿ ಮಹೇಶ್ವರಪ್ಪ, ಹಿರಿಯರ ಶ್ರುತಿಯನ್ನು ಇಳಿಸಕೂಡದು, ಈ ಸಲ ಅಕ್ಕ ತಾಳ ಹಾಕಿಕೊಂಡಿರಲಿ, ಅವರ ತಮ್ಮನ ಮಗಳು ಗಂಗಾಶ್ರೀ ಹಾಡಲಿ ಎಂದು ತೀರ್ಪಿತ್ತರು. ಹಿರಿಯರ ಹೆಸರು ಸುಮ್ಮನೆ ಬಂತು. ಮಹೇಶ್ವರಪ್ಪನವರ ಬೆರಳುಗಳಿಗೆ ಕಪ್ಪು ನಾಲ್ಕರ ಹೊರತು ಬೇರೆ ದಾರಿ ಗೊತ್ತಿರಲಿಲ್ಲ, ಅಷ್ಟೆ. ಬೆರಳಿನ ಸೋಮಾರಿತನಕ್ಕೆ ಸಂಪ್ರದಾಯದ ಶಾಲು ಹೊದಿಸಿ ಹೆಂಗಸೊಬ್ಬಳನ್ನು ಮೂಲೆಗೆ ಕೂರಿಸುವ ಈ ವಿದ್ಯೆಗೆ ನಮ್ಮ ಸೀಮೆಯಲ್ಲಿ ಗುರುಗಳಿಗೇನೂ ಬರವಿಲ್ಲ.

ಹಿಂದಿನ ಸಾಲಿನಿಂದ ಚನ್ನೇಶ್ ಹೇಳಿದ, "ಅಕ್ಕಾರ ಗಂಟ್ಲು ಮ್ಯಾಲೆ ಬರದಿದ್ರೆ ನನ್ ತಂತಿ ಕೆಳಗ್ ಇಳಿತಾವ್ರೀ."

ಹೇಳಿದಷ್ಟು ಸುಲಭವಲ್ಲ ಅದು. ಇದ್ದ ತಂತಿಯನ್ನೇ ಸಡಿಲಿಸಿ ಇಳಿಸಿದರೆ ಅದು ಹಳೆಯ ಮಂಚದ ನವಾರಿನಂತೆ ಜೋತುಬೀಳುತ್ತದೆ, ಮೀಟಿದರೆ ಮೆಟ್ಟುಗಳಿಗೆ ಬಡಿದು ಗಲಗುಟ್ಟುತ್ತದೆ, ಹೊಡೆತದ ಕ್ಷಣದಲ್ಲಿ ಮೇಲೇರಿದ ಸ್ವರ ಆಮೇಲೆ ತಗ್ಗುತ್ತದೆ. ಇಳಿದ ಶ್ರುತಿಯಲ್ಲೂ ಬಿಗಿಯಾಗಿ ನಿಲ್ಲಬೇಕೆಂದರೆ ತಂತಿ ದಪ್ಪವಿರಬೇಕು. ಅಷ್ಟು ಅವನಿಗೆ ತಿಳಿದಿತ್ತು. ಗಿಟಾರಿನಲ್ಲಿದ್ದದ್ದು ಹತ್ತು ನಂಬರಿನ ಸೆಟ್ಟು. ಮೊಬೈಲಿನಲ್ಲಿ ಎಂಟು ನಂಬರಿನದನ್ನು ತರಿಸಿದ. ಮೋಟಾರು ಸುತ್ತುವವರ ಲೋಕದಲ್ಲಿ ನಂಬರು ಇಳಿದಂತೆ ತಂತಿ ದಪ್ಪ. ಇಪ್ಪತ್ತರದು ದಾರ, ಮೂವತ್ತರದು ಕೂದಲು. ಬಂದ ತಂತಿ ಬೆರಳಿಗೆ ತೆಳುವೆನಿಸಿತಂತೆ. ಆದರೆ ಬೆರಳು ವಾರ್ನಿಷ್ ತಿಂದು ಮರಗಟ್ಟಿದೆ, ನಂಬರು ಸುಳ್ಳಾಡುವುದಿಲ್ಲ ಎಂದುಕೊಂಡು ಬಿಗಿದ.

ಆ ಸೋಮವಾರ ನಾನು ಪಡಸಾಲೆಯಲ್ಲಿದ್ದೆ. ಅಕ್ಕನಾಗಮ್ಮ ಸೆರಗು ಹೊದ್ದು ಕಣ್ಮುಚ್ಚಿ ಸ್ವರ ಹಿಡಿದರು. ಅದರ ಕೆಳಗೆ ಗಿಟಾರಿನ ತಂತಿ ಒಂದು ಶ್ರುತಿಯಲ್ಲಿ ನಿಲ್ಲದೆ ಅಲೆಯಿತು. ಒಂದು ಜೀವಮಾನವಿಡೀ ಶ್ರುತಿಯನ್ನು ನಂಬಿ ನಡೆದ ಆ ಕಂಠ, ಅದರ ಹಿಂದೆಯೇ ಮೇಲಕ್ಕೂ ಕೆಳಕ್ಕೂ ತಡವರಿಸಿತು, ಮಂಜಿನಲ್ಲಿ ಯಾರದೋ ಲಾಟೀನನ್ನು ಹಿಂಬಾಲಿಸಿ ಕೆರೆಯ ಅಂಚಿಗೆ ಬಂದವರ ಹಾಗೆ. ಮಹೇಶ್ವರಪ್ಪ ಹಾರ್ಮೋನಿಯಂ ಮೇಲೆ ಕೈಯಿಟ್ಟು ಎಲ್ಲರ ಮುಖ ನೋಡಿದರು. ಅದು ಮಾತಿಗಿಂತ ಕ್ರೂರವಾಗಿತ್ತು.

"ನನ್ ಗಂಟ್ಲೇ ಹೋಗೇತಿ ಬಿಡು ತಮ್ಮಾ," ಎಂದು ಅಕ್ಕನಾಗಮ್ಮ ತಾಳಗಳನ್ನು ಚಾಪೆಯ ಮೇಲಿಟ್ಟು ಎದ್ದರು. ಮರುವಾರ ಅವರು ಬರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಗುನುಗುವುದನ್ನು ಬಿಟ್ಟಿದ್ದಾರೆಂದು ಗಂಗಾಶ್ರೀ ಹೇಳಿದಳು.

ತನಗೆ ಸಿಗಲಿದ್ದ ಜಾಗದ ಮೇಲೆ ಆ ಹುಡುಗಿಗೆ ಆಸೆಯಿರಲಿಲ್ಲ. ಅಂಗಡಿಗೆ ಹೋಗಿ ಖಾಲಿ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ಓದಿದವಳು ಅವಳೇ. "ಚನ್ನೇಶಣ್ಣಾ, ಇದ್ರಾಗ ನಂಬರ್ ಹೆಚ್ಚಾದಂಗೆಲ್ಲ ದಪ್ಪ. ನೀ ಇನ್ನೂ ಸಣ್ಣಂದು ತರ್ಸೀದಿ." ಅವನು ಮೊದಲು ನಕ್ಕನಂತೆ, ಆಮೇಲೆ ಕಂಪನಿಯವರನ್ನು ಬೈದನಂತೆ, ಆಮೇಲೆ ಬಹಳ ಹೊತ್ತು ಮೋಟಾರೊಂದರ ಖಾಲಿ ಹೊಟ್ಟೆಯೊಳಗೆ ನೋಡುತ್ತ ಕೂತನಂತೆ.

ಮುಂದಿನ ಸೋಮವಾರ ಅವನು ಅಕ್ಕನಾಗಮ್ಮನವರ ಮನೆಗೆ ಹೋಗಿ, ಒಮ್ಮೆ ಪಡಸಾಲೆಯ ತನಕ ಬಂದುಹೋಗಿ ಎಂದು ಅಂಗಲಾಚಿ ಕರೆತಂದ. ಎಲ್ಲರೂ ಕೂತ ಮೇಲೆ ಎದ್ದು ನಿಂತ. ಕೋಟಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡಿದ.

"ಅವತ್ತು ತಪ್ಪಿದ್ದು ಅಕ್ಕಾರ ಗಂಟ್ಲಲ್ರೀ. ತಂತಿ ತಪ್ಪಿತ್ತು. ತಂತಿ ಆರ್ಸಿದ್ದು ನಾನು."

ಯಾರೋ ಕೆಮ್ಮಿದರು. ಅಕ್ಕನಾಗಮ್ಮ ಅವನನ್ನು ದಿಟ್ಟಿಸಿ, "ಹಂಗಾದ್ರ ಇಷ್ಟ್ ದಿನ ನನ್ನ ಯಾಕ ಸುಮ್ನ ಕೂರ್ಸಿದ್ಯೋ, ಭಾಡ್ಯಾ?" ಎಂದರು. ಬೈಗುಳ ಇಷ್ಟು ಮಧುರವಾಗಿ ಕೇಳಿದ್ದು ನನಗೆ ನೆನಪಿಲ್ಲ.

ಹನ್ನೆರಡು ನಂಬರಿನ ಸೆಟ್ಟು ಬಂತು. ದಪ್ಪ ತಂತಿ ಗಿಟಾರಿನ ಕತ್ತಿನ ತುದಿಯ ಪಟ್ಟಿಯಲ್ಲಿದ್ದ ಹಳೆಯ ಕಚ್ಚುಗಳಲ್ಲಿ ಕೂರಲೊಲ್ಲದು. ಅರದಿಂದ ಒಂದೊಂದನ್ನೂ ಉಜ್ಜಿ ಅಗಲಿಸಿದ, ಕತ್ತಿನೊಳಗಿನ ಕಂಬಿಯನ್ನು ತುಸುತುಸುವೇ ತಿರುಗಿಸಿ ಬಾಗು ಸರಿಪಡಿಸಿದ, ಮೀಟಿ ಮೀಟಿ ಉಗುರು ಸೀಳಿಕೊಂಡ. ಸೊರಬದ ವೇದಿಕೆಯಲ್ಲಿ ಆ ತಂತಿಗಳು ಬಿಳಿ ನಾಲ್ಕರಲ್ಲಿ ತುಂಬಿದ ಕೆರೆಯಂತೆ ನಿಶ್ಚಲವಾಗಿ ನಿಂತವು. ಮಹೇಶ್ವರಪ್ಪ ಒಂದೇ ಮನೆಯನ್ನೊತ್ತಿ ಹಿಡಿದು, ಮಿಕ್ಕ ಬೆರಳುಗಳಿಗೆ ಕೆಲಸವಿಲ್ಲದೆ, ಗಾಳಿ ಹಾಕುತ್ತ ಕೂತರು. ಅದರ ಮೇಲೆ ಅಕ್ಕನಾಗಮ್ಮನವರ ಹೊಸ ಕಂಠ, ಸ್ವಲ್ಪ ಒರಟು, ಸ್ವಲ್ಪ ಮಬ್ಬು, ಎಲ್ಲಿಗೂ ಅವಸರವಿಲ್ಲದೆ ನಡೆಯಿತು. ಎದುರಿನ ಹೆಂಗಸರ ಸಾಲಿನಲ್ಲಿ ಮಾತು ನಿಂತಿತು. ಮಡಿಲ ಮಕ್ಕಳು ಎಚ್ಚರದಲ್ಲೇ ಕನಸು ಕಂಡವು.

ದೊಡ್ಡವರು ಕೆಳಗಿಳಿದು ಬರುವುದನ್ನು ನಾನು ಬಹಳ ನೋಡಿದ್ದೇನೆ: ಚುನಾವಣೆಯ ಹೊಸ್ತಿಲಲ್ಲಿ ನೆಲಕ್ಕೆ ಕೂತು ಉಣ್ಣುವವರು, ಬಡವರ ಮನೆಯಲ್ಲಿ ನೀರು ಕುಡಿದು ಫೋಟೋ ತೆಗೆಸಿಕೊಳ್ಳುವವರು. ಬರಿದೇ ಸಡಿಲಗೊಂಡು ಇಳಿದವರು ಅವರು. ಎರಡು ದಿನ ಗಲಗುಟ್ಟಿ, ನಂಬಿ ಜೊತೆಗೆ ನಡೆದವರನ್ನೇ ಅಪಸ್ವರಕ್ಕೆ ತಳ್ಳಿ ಹೋಗುತ್ತಾರೆ. ಇನ್ನೊಂದು ಕುಲವಿದೆ, ವಿರಳ. ಇನ್ನೊಬ್ಬರಿಗಾಗಿ ಇಳಿಯುವುದೆಂದರೆ ಹೆಚ್ಚು ಭಾರ ಹೊರುವುದು ಎಂಬುದನ್ನು ಆ ಕುಲದವರು ತಡವಾಗಿ, ತಪ್ಪಿ, ನಾಲ್ಕು ಜನರೆದುರು ತಲೆತಗ್ಗಿಸಿ ಕಲಿಯುತ್ತಾರೆ. ಕಲಿತ ಮೇಲೆ ಅವರ ಹೆಸರನ್ನು ಯಾರೂ ಕೇಳುವುದಿಲ್ಲ, ಜನ ಹಾಡನ್ನಷ್ಟೇ ಮನೆಗೆ ಒಯ್ಯುತ್ತಾರೆ.