ಏಳುನೂರಾ ಐದು

ನೀಲಕಂಠಪ್ಪ ಸರ್ ಅವರಂಥಾ ಹಟಮಾರಿ ಮನಷ್ಯಾನ್ನ ನಾ ಇನ್ನೊಬ್ಬನ್ನ ಕಂಡಿಲ್ಲ. ಧಾರವಾಡದ ಕಾಲೇಜಿನ್ಯಾಗ ನನಗ ಗಣಿತ ಕಲಿಸಿದವರು. ನಾ ಹುಬ್ಬಳ್ಯಾಗ ಸಾಲಿ ಟೀಚರಾದ ಮ್ಯಾಲೂ ಬಿಡಲಿಲ್ಲ. ಅರವತ್ತೊಂದನೇ ಇಸವಿಯಿಂದ ಎರಡು ವರ್ಷ, ಪ್ರತಿ ರವಿವಾರ ಅವರ ಮನ್ಯಾಗ ಕುಂತು ಭಾಗಿಸಿದ್ದೇ ಭಾಗಿಸಿದ್ದು.

ಒಂದು, ಮೂರು, ನಾಕು, ಏಳು, ಹನ್ನೊಂದು. ಹಿಂದಿನ ಎರಡು ಕೂಡಿಸಿದ್ರ ಮುಂದಿಂದು ಬರೋ ಸರಣಿ ಇದು. ಐದನೇದು ಹನ್ನೊಂದು, ಐದರಿಂದ ಭಾಗಿಸಿದ್ರ ಒಂದು ಉಳೀತೈತಿ. ಏಳನೇದು ಇಪ್ಪತ್ತೊಂಬತ್ತು, ಏಳರಿಂದ ಭಾಗಿಸಿದ್ರೂ ಒಂದು. ಯಾವ ಅವಿಭಾಜ್ಯ ಸಂಖ್ಯಾ ಹಿಡದ್ರೂ ಹಿಂಗ, ಅದು ಹಳೇ ಮಾತು. ಅವಿಭಾಜ್ಯ ಅಲ್ಲದ್ದಕ್ಕ ಎಂದೂ ಒಂದು ಉಳಿಯೂದಿಲ್ಲ ಅನ್ನೋದು ಸರ್ ವಾದ. ಸಾವಿರದ ತನಕ ನೋಡಿ ಲೇಖನ ಕಳಸೂದು, ಅದರಾಗ ನನ್ನ ಹೆಸರೂ ಹಾಕೂದು ಅಂತ ಮಾತಾಗಿತ್ತು. ಹೆಸರು ಅಚ್ಚಾದ್ರ ನನಗ ಕಾಲೇಜಿನ್ಯಾಗ ಕೆಲಸ ಸಿಗೂದಿತ್ತು.

ಆದ್ರ ಐದರಿಂದ ಮುಗಿಯೋ ಸಂಖ್ಯಾ ಮಾತ್ರ ಸರ್ ಮುಟ್ಟಗೊಡತಿರಲಿಲ್ಲ.

"ಅವು ಅವಿಭಾಜ್ಯ ಅಲ್ಲಂತ ನಿನ್ನ ಸಾಲಿ ಹುಡುಗರಿಗೂ ಗೊತ್ತೈತಿ, ಸಿತಾರಾ. ಸುಮ್ನ ಯಾಕ ಹೊತ್ತು ಹಾಳ ಮಾಡ್ತಿ?"

"ಅವಿಭಾಜ್ಯ ಅಲ್ಲದವನ್ನ ಅಲ್ಲೇನ್ರಿ ಸರ್ ನಾವು ನೋಡಬೇಕಾದ್ದು?"

"ತೊಂಬತ್ತೊಂದರಂಗ ಅವಿಭಾಜ್ಯ ಅಂತ ಅನಿಸೋ ಮೋಸದವನ್ನ ನೋಡು. ಎದುರಿಗೆ ಕಾಣೂವು ಬ್ಯಾಡ."

ಹೇಳಿ ಹೇಳಿ ನನಗ ಸಾಕಾಗಿ ಹೋತು. ಲೇಖನ ಟೈಪಾಗಿ ಬಂತು, ಸೋಮವಾರ ಟಪಾಲಿಗೆ ಹಾಕೂದಿತ್ತು. ಶನಿವಾರ ಸಾಲಿ ಬಿಟ್ಟ ಮ್ಯಾಲೆ, ಬರೇ ಸಿಟ್ಟಿಗೆ, ಐದರವನ್ನ ಹಿಡಕೊಂಡು ಕುಂತೆ. ರವಿವಾರ ಮುಂಜಾನೆ ಏಳುನೂರಾ ಐದಕ್ಕ ಬಂದೆ. ಮೂರು, ಐದು, ನಲವತ್ತೇಳು ಗುಣಿಸಿದ್ರ ಅದು. ಸರಣಿಯ ಏಳುನೂರಾ ಐದನೇ ಸಂಖ್ಯಾನ್ನ ಮೂರರಿಂದ ಭಾಗಿಸಿದ್ರ ಒಂದು ಉಳೀತು. ಐದರಿಂದ ಒಂದು. ನಲವತ್ತೇಳರಿಂದನೂ ಒಂದು. ಅಂದ್ರ ಏಳುನೂರಾ ಐದರಿಂದನೂ ಒಂದೇ. ಸರ್ ವಾದ ಮುರದು ಬಿತ್ತು.

ನನಗ ಅಳೂನೇ ಬಂತು. ಬಾಯಿ ಮುಚ್ಚಿಕೊಂಡಿದ್ರ ಯಾರಿಗೂ ಗೊತ್ತಾಗತಿರಲಿಲ್ಲ, ಕೆಲಸನೂ ಸಿಗತಿತ್ತು. ಹಾಳಾದ ಬುದ್ಧಿ ಕೇಳಬೇಕಲ್ಲ. ಧಾರವಾಡದ ಬಸ್ ಹತ್ತಿದೆ.

ಸರ್ ಮೂರು ಸಲ ತಾವ ಮಾಡಿ ನೋಡಿದ್ರು. ಚಾ ಆರಿ ಹೋತು. ಕಡೀಕೆ ಚಸ್ಮಾ ತಗದು ನನ್ನ ಮಾರಿ ನೋಡಿದ್ರು.

"ಇದನ್ನ ಎರಡು ವರ್ಷದ ಹಿಂದನ ಯಾಕ ಹೇಳಲಿಲ್ಲ ನೀ?"

ಟೈಪಾದ ಲೇಖನದಾಗ ನನ್ನ ಹೆಸರಿದ್ದ ಮೊದಲ್ನೇ ಹಾಳಿ ಅಷ್ಟ ತಗೊಂಡು, ಮಡಚಿ ಚೀಲದಾಗ ಇಟ್ಟುಕೊಂಡು, ಸಾಲಿ ಹುಡುಗರ ಪೇಪರ್ ತಿದ್ದೂದೈತಿ ಅಂತ ಹೇಳಿ ಬಂದೆ.