ವಿಲಾಯತಿ ಸೈಕಲ್ಲಿನ ಬೆಸುಗೆ

ಹಳೆಯ ಸೈಕಲ್ಲು ಕೊಳ್ಳುವವರು ಮೊದಲು ಬೆಲ್ಲು ಬಾರಿಸಿ ನೋಡುತ್ತಾರೆ. ಬೆಲ್ಲು ಕೇಳಿ ಸೈಕಲ್ಲು ಕೊಂಡವನೂ ಬಳೆ ಸದ್ದು ಕೇಳಿ ಹೆಣ್ಣು ಒಪ್ಪಿದವನೂ ಒಂದೇ ಎಂದು ಮಸ್ಕಿಯ ಸೈಕಲ್ ಮಿಸ್ತ್ರಿ ಗೌಸ್‌ಸಾಬ್ ನಲವತ್ತು ವರ್ಷದಿಂದ ಗಿರಾಕಿಗಳನ್ನು ಗೇಲಿ ಮಾಡುತ್ತ ಬಂದಿದ್ದ. ಅಂಥವನು ಆ ದಿನ ಗುರುಗುಂಟಾದಲ್ಲಿ, ಚಾಂದ್‌ಬೀಯ ಅಂಗಳದಲ್ಲಿ ನಿಂತು ಬೆಲ್ಲನ್ನು ನಾಲ್ಕು ಸಲ ಬಾರಿಸಿದ. ಬೇರೆ ಯಾವ ಭಾಗವನ್ನೂ ಮುಟ್ಟಲು ಅವನಿಗೆ ಕೈ ಬರಲಿಲ್ಲ.

ಕೊಳ್ಳಲು ಬಂದವನು ಲಕ್ಷ್ಮಣ. ಸಿಂಧನೂರಿನ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಳೆಯ ಸೈಕಲ್ಲುಗಳ ಹುಚ್ಚು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಮಿಸ್ತ್ರಿಯಾಗಿದ್ದ. ಉಳಿದರ್ಧಕ್ಕೆ ಗೌಸ್‌ಸಾಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲಿಂಗಸುಗೂರು ಹಾಯ್ದು ಬಂದಿದ್ದ. ಯಾರ ಸೈಕಲ್ಲೆಂದು ಮೊದಲೇ ಹೇಳಿದ್ದರೆ ಮುದುಕ ಹೊಟ್ಟೆನೋವಿನ ನೆವ ಹೇಳಿ ಅಂಗಡಿಯಲ್ಲೇ ಉಳಿಯುತ್ತಿದ್ದ. ಹೇಳಿದ್ದು ಮನೆಯ ಮುಂದೆ ಬೈಕು ನಿಲ್ಲಿಸಿದ ಮೇಲೆ.

ಅದು ಚಾಂದ್‌ಬೀಯ ಗಂಡ ಜಿಲಾನಿಸಾಬನ ಸೈಕಲ್ಲು. ಜಿಲಾನಿ ಗೌಸ್‌ಸಾಬನ ಜೀವದ ಗೆಳೆಯ. ನಾಲ್ಕು ವರ್ಷದ ಹಿಂದೆ ಹೊಲದಿಂದ ಬರುವಾಗ ಊರ ಹೊರಗಿನ ಇಳಿಜಾರಿನಲ್ಲಿ ಇದೇ ಸೈಕಲ್ಲಿನಿಂದ ಬಿದ್ದು ಸತ್ತಿದ್ದ. ಹೃದಯ ನಿಂತಿತು ಎಂದರು ಡಾಕ್ಟರು. ಊರವರೂ ಹಾಗೇ ಅಂದರು. ಗೌಸ್‌ಸಾಬ್ ಮಾತ್ರ ಒಪ್ಪಲಿಲ್ಲ, ಬಾಯಿಬಿಟ್ಟು ಹೇಳಲೂ ಇಲ್ಲ. ಹ್ಯಾಂಡಲ್ ಸೊಟ್ಟಾಗಿತ್ತು ಎಂದು ಯಾರೋ ಆಡಿದ್ದು ಅವನ ಕಿವಿಗೆ ಬಿದ್ದಿತ್ತು. ಮಣ್ಣು ಕೊಟ್ಟು ಬಂದ ದಿನ ಸೈಕಲ್ಲು ನಿಲ್ಲಿಸಿದ ಮೂಲೆಯ ಕಡೆ ಅವನು ತಲೆಯೆತ್ತಿರಲಿಲ್ಲ.

ಕಾರಣ ಹದಿನೈದು ವರ್ಷ ಹಳೆಯದು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನ ಕತ್ತು, ಅಂದರೆ ಹ್ಯಾಂಡಲಿನ ಕೆಳಗೆ ಕೊಳವೆಯೊಳಗೆ ಅಡಗಿರುವ ಭಾಗ, ಮುರಿದಿತ್ತು. ಇಂಗ್ಲೆಂಡಿನ ಗಾಡಿ, ಅದಕ್ಕೆ ಹೊಂದುವ ಫೋರ್ಕು ರಾಯಚೂರಿನಲ್ಲೂ ಸಿಗಲಿಲ್ಲ, ಹೈದರಾಬಾದಿನಲ್ಲೂ ಸಿಗಲಿಲ್ಲ. ಆಗಲಿಲ್ಲ ಎಂದು ಹೇಳುವ ಗಂಡಸು ಗೌಸ್‌ಸಾಬ್ ಆಗಿರಲಿಲ್ಲ. ಹಿತ್ತಾಳೆಯ ಬೆಸುಗೆ ಹಾಕಿ, ಬಣ್ಣ ಬಳಿದು, “ಹೊಸಾ ಫೋರ್ಕ್ ತರಿಸಿ ಹಾಕೀನಲೇ” ಎಂದು ಜಿಲಾನಿಗೆ ಅಂದುಬಿಟ್ಟ. ಒಳಗೆ ಅಳುಕಿತ್ತು, ಅದಕ್ಕೆ ಇನ್ನೊಂದು ಮಾತು ಸೇರಿಸಿದ್ದ: “ಸೆಟ್ ಆಗೂತನಕ ಡಬಲ್ ಹೊಡಿಬ್ಯಾಡ, ಹಿಂದ ಯಾರನ್ನೂ ಕುಂದರ್ಸಬ್ಯಾಡ.” ಆ ಮಾತನ್ನು ಆಮೇಲೆ ಅವನೇ ಮರೆತ.

“ಗೌಸ್‌ಸಾಬ್ರ, ಫೋರ್ಕ್ ಬಿಚ್ಚಿ ನೋಡ್ರಿ,” ಎಂದ ಲಕ್ಷ್ಮಣ. “ಕತ್ತಿನಾಗ ಬೆಸುಗಿ ಜೋಡ್ ಇದ್ರ ಕೈ ಹಚ್ಚಬ್ಯಾಡ ಅಂತ ವಿಡಿಯೋದಾಗ ಹೇಳ್ಯಾರ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೌಸ್‌ಸಾಬ್ ಗಡಬಡಿಸಿ ಮಾತಾಡಿದ. “ಬಿಚ್ಚೂದು ಯಾಕ ಸರ್? ಬ್ಯಾಡ ಬಿಡ್ರಿ ಇದು. ರಿಮ್ಮು ತುಕ್ಕು ತಿಂದಾವ, ಸೀಟಿನ ತೊಗಲು ಒಡದೈತಿ. ಇದಕ್ಕ ಹಾಕೂ ರೊಕ್ಕಕ್ಕ ಎರಡು ಹೊಸಾವು ಬರ್ತಾವ.”

ಹೊಸ್ತಿಲಲ್ಲಿ ನಿಂತಿದ್ದ ಚಾಂದ್‌ಬೀ ಸೆರಗು ಸರಿಮಾಡಿಕೊಂಡಳು. “ನೀವಾ ಹಿಂಗಂದ್ರ ಹ್ಯಾಂಗ ಭಾಯ್? ನಿಮ್ಮ ಕೈಯಾಗ ಮರುಜೀವ ಪಡದ ಗಾಡಿ. ಅವರು ಊರ ತುಂಬ ಹೇಳ್ಕೋತ ತಿರಗ್ಯಾರ. ಮೂಲ್ಯಾಗ ಕೊಳಿಯೂದಕ್ಕಿಂತ ಯಾರರ ತುಳೀಲಿ ಅಂತ ಮಾರಾಕತ್ತೀನಿ.”

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಫೋರ್ಕು ಎರಡು ತುಂಡಾಗಿ ಕೈಗೆ ಬಂದರೆ ಈ ಹೆಂಗಸಿಗೆ ಏನು ಹೇಳುವುದು? ನಿನ್ನ ಗಂಡ ಹೃದಯ ನಿಂತು ಸಾಯಲಿಲ್ಲ, ನನ್ನ ಜಂಬಕ್ಕೆ ಸತ್ತ ಅನ್ನಬೇಕೆ? ಗೌಸ್‌ಸಾಬನಿಗೆ ನಿಜಕ್ಕೂ ಭಯವಾಯಿತು. ಗಾಲಿ ಬಿಚ್ಚಿದ. ಹ್ಯಾಂಡಲ್ ಎತ್ತಿಟ್ಟ. ಚೌಕಟ್ಟಿನ ಮೂತಿಯನ್ನು ಕಟ್ಟೆಗೆ ಆನಿಸಿದ. ತಲೆಯ ನಟ್ಟಿಗೆ ಪಾನಾ ಹಚ್ಚಿದಾಗ ಕೈ ಎರಡು ಸಲ ಜಾರಿ ಬೆರಳು ತರಚಿತು. ನಲವತ್ತು ವರ್ಷದಲ್ಲಿ ನಟ್ಟಿನ ಮೇಲೆ ಅವನ ಕೈ ಜಾರಿದ್ದೇ ಇಲ್ಲ.

“ನಾ ಬಿಚ್ಚಲೇನ್ರಿ?” ಎಂದ ಲಕ್ಷ್ಮಣ.

“ಸರೀರಿ ಆ ಕಡೆ,” ಎಂದ ಗೌಸ್‌ಸಾಬ್, ಸಿಡುಕಿನಿಂದ.

ನಟ್ಟು ಬಿಟ್ಟುಕೊಂಡಿತು. ಒಳಗಿನ ಬೇರಿಂಗಿನ ಸಣ್ಣ ಗುಂಡುಗಳು ಅಂಗಳದ ತುಂಬ ಉದುರಿದವು. ಅವನು ಕಣ್ಣು ಮುಚ್ಚಿ ಫೋರ್ಕನ್ನು ಕೆಳಕ್ಕೆಳೆದ.

ಅದು ಇಡಿಯಾಗಿ ಬಂತು.

ಜಿಡ್ಡು ಒರೆಸಿದ. ಹಿತ್ತಾಳೆಯ ಗೆರೆ ಕತ್ತಿನ ಸುತ್ತ ಹಾಗೇ ಇತ್ತು. ಉಗುರು ಹಚ್ಚಿ ನೋಡಿದ, ಬಿರುಕಿಲ್ಲ. ಕಲ್ಲಿಗೆ ಬಡಿದು ನೋಡಿದ, ಒಡಕು ದನಿಯಿಲ್ಲ. ನಾಲ್ಕು ವರ್ಷ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿತು. ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ತೋಳಿನಿಂದ ಕಣ್ಣೊರೆಸಿಕೊಂಡ.

“ಇದು ಜೋಡ್ ಅಲ್ರಿ ಗೌಸ್‌ಸಾಬ್ರ?” ಎಂದ ಲಕ್ಷ್ಮಣ, ಗೆರೆಗೆ ಬೆರಳಿಟ್ಟು.

ಯಾರೋ ಹಾಕಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಜೀವ ಹಗುರಾದಾಗ ಬಾಯಿಯೂ ಹಗುರಾಗುತ್ತದೆ. “ಹೌದ್ರಿ. ನಂದಾ ಬೆಸುಗಿ,” ಎಂದ. ಚಾಂದ್‌ಬೀಯ ಕಡೆ ತಿರುಗಿದ. “ಭಾಭಿ, ಹೊಸಾದು ಹಾಕೀನಿ ಅಂತ ಜಿಲಾನಿಗೆ ಸುಳ್ಳು ಹೇಳಿದ್ದೆ. ಇದು ಮುರದಾ ಬಿದ್ದಾನೇನೋ ಅಂತ ಇಲ್ಲೀತನ ಒಳಗಾ ಸುಟ್ಟುಕೊಂಡೀನಿ. ಮುರದಿಲ್ಲ ನೋಡ್ರಿ. ಅವತ್ತ ಹೆದರಿಕಿಗೆ, ಡಬಲ್ ಹೊಡಿಬ್ಯಾಡ ಅಂತನೂ ಅಂದಿದ್ದೆ.”

ಚಾಂದ್‌ಬೀ ಹೊಸ್ತಿಲು ಇಳಿದು ಬಂದಳು.

“ಡಬಲ್ ಹೊಡಿಬ್ಯಾಡ ಅಂತ ನೀವು ಅಂದಿದ್ರೇನು?”

“ಸೆಟ್ ಆಗೂತನಕ ಅಂದಿದ್ದೆ.”

“ಸೆಟ್ ಆತು ಅಂತ ಯಾವಾಗ ಹೇಳಿದ್ರಿ?”

ಗೌಸ್‌ಸಾಬ್ ಫೋರ್ಕನ್ನು ಕಟ್ಟೆಯ ಮೇಲಿಟ್ಟ.

“ಮೊದ್ಲು ದಿನಾ ಹಿಂದ ಕುಂದರ್ಸಿಕೊಂಡು ಹೊಲಕ್ಕ ಒಯ್ತಿದ್ರು,” ಎಂದಳು ಚಾಂದ್‌ಬೀ. “ಆಮ್ಯಾಲ ಬಿಟ್ರು. ಕೇಳಿದ್ರ, ಗಾಡಿ ತಡ್ಯಂಗಿಲ್ಲ ಅಂದ್ರು. ನಾ ದಪ್ಪ ಆಗೀನಿ, ಮಂದ್ಯಾಗ ನಾಚಿಕಿ ಬರ್ತಿರಬೇಕು ಅಂದ್ಕೊಂಡೆ. ಅವರು ಮುಂದ ಹೋಗಿ ಬೇವಿನ ಗಿಡದ ಬುಡಕ ಕಾಯ್ತಿದ್ರು. ನಾ ಹನ್ನೊಂದು ವರ್ಷ ಹಿಂದಿನಿಂದ ನಡಕೋತ ಹೋದೆ. ರಾತ್ರಿ ರೊಟ್ಟಿ ಬಿಟ್ಟೆ ಭಾಯ್, ತೂಕ ಇಳೀಲಿ ಅಂತ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗೌಸ್‌ಸಾಬನಿಗೆ ಹಗುರವಾಗುತ್ತಿತ್ತು. ತಾನು ಮಾಡಿದೆನೆಂದು ಹೆದರಿದ್ದ ಪಾಪ ಮಾಡಿಯೇ ಇರಲಿಲ್ಲ. ಮಾಡಿದ ಪಾಪದ ಸುಳಿವೇ ಅವನಿಗಿರಲಿಲ್ಲ.

“ಒಂದು ಖರೇ ಹೇಳ್ರಿ. ನಮ್ಮಿಬ್ಬರನ್ನ ಇದು ತಡೀತಿತ್ತೇನು?”

ಇಲ್ಲ, ಮುರಿಯುತ್ತಿತ್ತು ಎಂದರೆ ಗಂಡನ ಮಾತು ಸರಿಯಾಗಿತ್ತೆಂಬ ಸಮಾಧಾನ ಅವಳಿಗೆ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತನಕ ಬಂತು. ಆದರೆ ಈ ಫೋರ್ಕಿನ ಬಗ್ಗೆ ಅವನು ಆಗಲೇ ಒಂದು ಸುಳ್ಳು ಹೇಳಿ ಮುಗಿಸಿದ್ದ.

“ತಡೀತಿತ್ತು ಭಾಭಿ. ಮೊದಲನೇ ದಿನದಿಂದ್ಲಾ ತಡೀತಿತ್ತು.”

ಚಾಂದ್‌ಬೀ ಸೈಕಲ್ಲಿನ ಹಿಂದಕ್ಕೆ ಹೋದಳು. ಮೂತಿ ಕಟ್ಟೆಗೆ ಆನಿ, ಮುಂದಿನ ಗಾಲಿಯಿಲ್ಲದೆ ನಿಂತಿದ್ದ ಗಾಡಿಯ ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಬಿಟ್ಟು ಕೂತಳು. ಲಕ್ಷ್ಮಣ ಗಾಬರಿಯಾಗಿ ಚೌಕಟ್ಟು ಹಿಡಿದುಕೊಂಡ. ಸ್ಟ್ಯಾಂಡು ಕಿರುಗುಟ್ಟಿತು, ಅಷ್ಟೇ.

“ತಗೋಬೇಕೋ ಬ್ಯಾಡೋ, ಗೌಸ್‌ಸಾಬ್ರ?” ಎಂದು ಅವನು ಮೆಲ್ಲಗೆ ಕೇಳಿದ.

“ತಗೋರಿ,” ಎಂದ ಗೌಸ್‌ಸಾಬ್. ಅವನು ಮೊಣಕಾಲೂರಿ ಉದುರಿದ ಗುಂಡುಗಳನ್ನು ಆರಿಸುತ್ತಿದ್ದ.

“ಇವತ್ತಲ್ಲ,” ಎಂದಳು ಚಾಂದ್‌ಬೀ, ಕೂತಲ್ಲಿಂದ ಇಳಿಯದೆ. “ಮೊದ್ಲು ಫೋರ್ಕು, ಗಾಲಿ ಹಾಕ್ರಿ ಭಾಯ್, ಗಾಳಿ ತುಂಬ್ರಿ. ನನ್ನನ್ನ ಹಿಂದ ಕುಂದರ್ಸಿಕೊಂಡು ಬೇವಿನ ಗಿಡದ ತನಕ ತಳ್ಳಿಕೊಂಡು ಹೋಗ್ರಿ. ನಾಳೆ ಬಂದು ಇವರು ಒಯ್ಯಲಿ.”